ಪ್ರಮಾಣಪತ್ರದ ಕೊನೆಯಲ್ಲೊಂದು ‘ಎಕ್ಸ್’

ತೈಲ ಸಂಸ್ಕರಣಾಗಾರ, ಬಣ್ಣದ ಕಾರ್ಖಾನೆ, ಹಿಟ್ಟಿನ ಗಿರಣಿ, ಔಷಧ ತಯಾರಿಕಾ ಘಟಕ: ಉರಿಯುವ ಅನಿಲವೋ ಆವಿಯೋ ದೂಳೋ ಗಾಳಿಯಲ್ಲಿ ಬೆರೆಯಬಹುದಾದ ಕಡೆಗಳಲ್ಲೆಲ್ಲ ಮೋಟರು, ದೀಪ, ಸ್ವಿಚ್ಚು, ಜಂಕ್ಷನ್ ಬಾಕ್ಸುಗಳ ಮೇಲೆ ಒಂದು ಚಿಕ್ಕ ಲೋಹದ ಫಲಕ ಇರುತ್ತದೆ. ಅದರಲ್ಲಿ ‘ಇಎಕ್ಸ್ ಡಿಬಿ ಐಐಸಿ ಟಿ4 ಜಿಬಿ’ ಎಂಬಂಥ ಒಂದು ಸಾಲು, ಕೆಳಗೆ ಪ್ರಮಾಣಪತ್ರದ ಸಂಖ್ಯೆ. ಖರೀದಿ ವಿಭಾಗದವರು ಸಂಖ್ಯೆ ಇದೆಯೇ ಎಂದು ನೋಡುತ್ತಾರೆ, ತಪಾಸಣೆಗೆ ಬಂದವರು ಫಲಕ ಇದೆಯೇ ಎಂದು ನೋಡುತ್ತಾರೆ, ಅಲ್ಲಿಗೆ ಕಡತ ಮುಚ್ಚುತ್ತದೆ. ಆ ಸಂಖ್ಯೆಯ ತುದಿಗೆ ಎಷ್ಟೋ ಸಲ ‘ಎಕ್ಸ್’ ಎಂಬ ಇನ್ನೊಂದು ಅಕ್ಷರ ಅಂಟಿಕೊಂಡಿರುತ್ತದೆ. ಪ್ರಮಾಣಪತ್ರದ ಒಳಪುಟದಲ್ಲಿ ಬರೆದಿರುವ ವಿಶೇಷ ಷರತ್ತುಗಳನ್ನು ಪಾಲಿಸಿದರೆ ಮಾತ್ರ ಈ ಉಪಕರಣ ಸುರಕ್ಷಿತ ಎಂಬುದು ಅದರ ಸೂಚನೆ. ಒಳಪುಟ ತೆರೆದು ಓದುವವರು ವಿರಳ. ಸ್ಫೋಟಕ ವಾತಾವರಣದ ಉಪಕರಣಗಳ ಪ್ರಮಾಣೀಕರಣದಲ್ಲಿ ನಿಜವಾದ ಬಿರುಕು ಇರುವುದು ಪ್ರಯೋಗಾಲಯದಲ್ಲಲ್ಲ, ಇಲ್ಲಿ.

ಹೈಡ್ರೋಜನ್ ಇಂಧನದತ್ತ ಜಗತ್ತು ಹೊರಳುತ್ತಿರುವ ಹೊತ್ತಿನಲ್ಲಿ ಈ ಬಿರುಕು ಇನ್ನಷ್ಟು ಅಗಲವಾಗುವ ಸಾಧ್ಯತೆ ಇದೆ. ಏಕೆಂದು ತಿಳಿಯಲು ಮೊದಲು ಆ ಫಲಕವನ್ನೇ ಬಿಡಿಸಿ ಓದಬೇಕು.

ಗಾಳಿಯಲ್ಲಿ ಬೆರೆತ ಅನಿಲ ಹೊತ್ತಿಕೊಳ್ಳಲು ಮುಖ್ಯವಾಗಿ ಎರಡು ದಾರಿಗಳಿವೆ: ಕಿಡಿ, ಇಲ್ಲವೇ ಬಿಸಿ ಮೇಲ್ಮೈ. ಇವೆರಡೂ ಬೇರೆ ಬೇರೆ ಲೆಕ್ಕ. ಮೀಥೇನ್ ಮಿಶ್ರಣವನ್ನು ಹೊತ್ತಿಸಲು ಕನಿಷ್ಠ ಸುಮಾರು 0.28 ಮಿಲಿಜೌಲ್ ಶಕ್ತಿಯ ಕಿಡಿ ಬೇಕು. ಹೈಡ್ರೋಜನ್ನಿಗೆ 0.02 ಮಿಲಿಜೌಲ್ ಸಾಕು. ಒಣ ಹವೆಯಲ್ಲಿ ನೈಲಾನ್ ಬಟ್ಟೆ ತೊಟ್ಟು ಓಡಾಡಿದ ಮನುಷ್ಯನ ಬೆರಳ ತುದಿಯಿಂದ ಬಾಗಿಲ ಹಿಡಿಗೆ ಹಾರುವ ಸ್ಥಿರವಿದ್ಯುತ್ತಿನ ಕಿಡಿಯಲ್ಲಿ ಇದರ ಹತ್ತಾರು ಪಟ್ಟು ಶಕ್ತಿ ಇರಬಲ್ಲದು. ಆದ್ದರಿಂದಲೇ ಹೈಡ್ರೋಜನ್ ಮತ್ತು ಅಸಿಟಲೀನ್ ಅತ್ಯಂತ ಕಠಿಣವಾದ ಐಐಸಿ ಗುಂಪಿನಲ್ಲಿವೆ. ಎಥಿಲೀನ್ ಐಐಬಿ, ಪ್ರೊಪೇನ್ ಐಐಎ. ಗಣಿಯ ಮೀಥೇನ್‌ಗೆ ಪ್ರತ್ಯೇಕವಾದ ಒಂದನೇ ಗುಂಪು.

ಬಿಸಿ ಮೇಲ್ಮೈಯ ವಿಷಯಕ್ಕೆ ಬಂದರೆ ಚಿತ್ರ ತಿರುವುಮುರುವಾಗುತ್ತದೆ. ಕಿಡಿಗೆ ಅಷ್ಟು ಬೇಗ ಬಗ್ಗುವ ಹೈಡ್ರೋಜನ್ ಬಿಸಿಯಿಂದಲೇ ತಾನಾಗಿ ಹೊತ್ತಿಕೊಳ್ಳಬೇಕಾದರೆ 500 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಕಿಡಿಯ ಲೆಕ್ಕದಲ್ಲಿ ಅದಕ್ಕಿಂತ ಸೌಮ್ಯವಾದ ಡೈಈಥೈಲ್ ಈಥರ್ ಇನ್ನೂರು ಡಿಗ್ರಿಯೊಳಗೇ ಹೊತ್ತಿಕೊಳ್ಳುತ್ತದೆ. ಎರಡೂ ದುರ್ಗುಣಗಳನ್ನು ಒಟ್ಟಿಗೆ ಹೊತ್ತ ಕಾರ್ಬನ್ ಡೈಸಲ್ಫೈಡ್‌ಗೆ ಸುಮಾರು 90 ಡಿಗ್ರಿ ಸಾಕು. ಫಲಕದ ಮೇಲಿನ ‘ಟಿ’ ವರ್ಗ ಹೇಳುವುದು ಇದನ್ನೇ: ಟಿ1 ಎಂದರೆ ಉಪಕರಣದ ಮೇಲ್ಮೈ 450 ಡಿಗ್ರಿ ಮೀರುವುದಿಲ್ಲ, ಟಿ4 ಎಂದರೆ 135, ಟಿ6 ಎಂದರೆ 85. ಐಐಸಿ ಅತ್ಯುನ್ನತ ದರ್ಜೆಯಾದ್ದರಿಂದ ಐಐಸಿ ಉಪಕರಣ ಎಲ್ಲಿ ಬೇಕಾದರೂ ನಡೆಯುತ್ತದೆ ಎಂದುಕೊಂಡು ಟಿ ವರ್ಗದ ಕಡೆ ನೋಡದೆ ಸರಕು ತರಿಸುವುದು ಸಾಮಾನ್ಯವಾದ ತಪ್ಪು. ಇನ್ನೊಂದು ಮಾತೂ ಇದೆ. ಫಲಕದ ಮೇಲೆ ಬೇರೆ ಏನೂ ಬರೆದಿರದಿದ್ದರೆ ಆ ಭರವಸೆ ಸುತ್ತಲಿನ ಉಷ್ಣಾಂಶ ಮೈನಸ್ 20ರಿಂದ 40 ಡಿಗ್ರಿಯವರೆಗೆ ಇರುವಾಗ ಮಾತ್ರ ಅನ್ವಯಿಸುತ್ತದೆ. ಬಿಸಿಲಿಗೆ ಕಾದ ತಗಡಿನ ಚಾವಣಿಯ ಕೆಳಗೋ ಬಾಯ್ಲರಿನ ಪಕ್ಕದಲ್ಲೋ 48 ಡಿಗ್ರಿಯಲ್ಲಿ ಉರಿಯುವ ದೀಪದ ಬಗ್ಗೆ ಆ ಪ್ರಮಾಣಪತ್ರ ಏನನ್ನೂ ಹೇಳಿಲ್ಲ.

ಇನ್ನು ‘ಡಿಬಿ’. ಇದು ಎಲ್ಲರೂ ಫ್ಲೇಮ್‌ಪ್ರೂಫ್ ಎಂದು ಕರೆಯುವ ರಕ್ಷಣಾ ವಿಧಾನ. ಈ ಪೆಟ್ಟಿಗೆಯೊಳಗೆ ಅನಿಲ ನುಗ್ಗುವುದೇ ಇಲ್ಲ ಎಂದು ಹಲವರು ನಂಬಿದ್ದಾರೆ. ಅನಿಲ ಒಳಹೋಗುತ್ತದೆ, ಒಳಗಿನ ಕಿಡಿಗೆ ಹೊತ್ತಿಕೊಂಡು ಸ್ಫೋಟಿಸುತ್ತದೆ ಎಂದು ಒಪ್ಪಿಕೊಂಡೇ ಇದನ್ನು ರೂಪಿಸಿರುತ್ತಾರೆ. ಪೆಟ್ಟಿಗೆ ಎರಡು ಕೆಲಸ ಮಾಡಬೇಕು: ಆ ಸ್ಫೋಟದ ಒತ್ತಡಕ್ಕೆ ಸೀಳದೆ ನಿಲ್ಲಬೇಕು, ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವಿನ ಸಂದಿಯಿಂದ ಹೊರನುಗ್ಗುವ ಉರಿಯನ್ನು ಹೊರಗಿನ ಅನಿಲ ಹೊತ್ತಿಕೊಳ್ಳದಷ್ಟು ತಣಿಸಬೇಕು. ಸಂದಿ ಎಷ್ಟು ಕಿರಿದಿರಬೇಕು ಎಂಬುದು ಅನಿಲದ ಮೇಲೆ ನಿಂತಿದೆ. ಪ್ರೊಪೇನ್ ಜ್ವಾಲೆಯನ್ನು ಪ್ರಯೋಗದಲ್ಲಿ 0.92 ಮಿಲಿಮೀಟರ್ ಸಂದಿ ತಡೆಯುತ್ತದೆ, ಹೈಡ್ರೋಜನ್ನಿಗೆ 0.29 ಮಿಲಿಮೀಟರ್ ಆಗಬೇಕು. ತಯಾರಿಕೆಯಲ್ಲಿ ಅನುಮತಿಸುವ ಸಂದಿ ಇದಕ್ಕಿಂತಲೂ ಚಿಕ್ಕದು. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1815ರಲ್ಲಿ ಗಣಿ ದೀಪದ ಸುತ್ತ ತಂತಿಯ ಬಲೆ ಸುತ್ತಿದ್ದು ಇದೇ ತತ್ತ್ವದ ಮೇಲೆ.

ಪ್ರಯೋಗಾಲಯದಲ್ಲಿ ಇದರ ಪರೀಕ್ಷೆ ನೋಡುವಂಥದು. ಪೆಟ್ಟಿಗೆಯೊಳಗೆ ಅಳೆದು ತುಂಬಿದ ಅನಿಲ ಮಿಶ್ರಣವನ್ನು ಬೇಕೆಂದೇ ಸ್ಫೋಟಿಸಿ ಒತ್ತಡ ದಾಖಲಿಸುತ್ತಾರೆ, ಅದರ ಒಂದೂವರೆ ಪಟ್ಟು ಒತ್ತಡ ಕೊಟ್ಟು ಪೆಟ್ಟಿಗೆ ಉಬ್ಬುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಒಳಗೂ ಹೊರಗೂ ಅನಿಲ ತುಂಬಿ ಒಳಗೆ ಮಾತ್ರ ಕಿಡಿ ಹಾರಿಸುತ್ತಾರೆ, ಹೊರಗಿನದು ಹೊತ್ತಿಕೊಳ್ಳಬಾರದು. ಇದನ್ನು ಮತ್ತೆ ಮತ್ತೆ ಮಾಡುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ ಕಿರಿದಾದ ಹಾದಿಯಿಂದ ಕೂಡಿಕೊಂಡ ಎರಡು ಕೋಣೆಗಳಿದ್ದರೆ ಮೊದಲನೆಯ ಕೋಣೆಯ ಸ್ಫೋಟ ಎರಡನೆಯ ಕೋಣೆಯ ಅನಿಲವನ್ನು ಅದುಮಿ, ಬಳಿಕ ಅದನ್ನೂ ಹೊತ್ತಿಸುತ್ತದೆ. ಆಗ ಒತ್ತಡ ಹಲವು ಪಟ್ಟು ಏರುತ್ತದೆ. ಒಳಗಿನ ಟ್ರಾನ್ಸ್‌ಫಾರ್ಮರನ್ನು ಸ್ವಲ್ಪ ಸರಿಸಿದರೂ ಲೆಕ್ಕ ಬದಲಾಗುವುದು ಇದರಿಂದಲೇ. ತಯಾರಕರಿಗೆ ಕಿರಿಕಿರಿ ಎನಿಸುವ ‘ನಕ್ಷೆಯಲ್ಲಿ ಇದ್ದಂತೆಯೇ ಇರಬೇಕು’ ಎಂಬ ಹಟಕ್ಕೆ ಇಂಥ ಕಾರಣಗಳಿವೆ.

ಹೀಗೆ ಪಾಸಾದ ಪೆಟ್ಟಿಗೆ ಸ್ಥಾವರಕ್ಕೆ ಬರುತ್ತದೆ. ನಿರ್ವಹಣೆಗೆ ಮುಚ್ಚಳ ತೆಗೆದವರು ಹದಿನಾರು ಬೋಲ್ಟುಗಳಲ್ಲಿ ಹನ್ನೆರಡನ್ನು ಮಾತ್ರ ಬಿಗಿಯುತ್ತಾರೆ, ಉಳಿದ ನಾಲ್ಕು ಜೇಬಿನಲ್ಲೇ ಉಳಿಯುತ್ತವೆ. ಕಳೆದುಹೋದ ಬೋಲ್ಟಿನ ಜಾಗಕ್ಕೆ ಅಳತೆ ಸರಿಯಿರುವ, ಆದರೆ ಬಲ ಕಡಿಮೆಯಿರುವ ಬೋಲ್ಟು ಬರುತ್ತದೆ. ಅಂಟಿಕೊಂಡ ಮುಚ್ಚಳವನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸುವಾಗ ನುಣುಪಾದ ಅಂಚಿನ ಮೇಲೆ ಅಡ್ಡಲಾಗಿ ಒಂದು ಗೀರು ಬೀಳುತ್ತದೆ, ಅದೇ ಉರಿಗೆ ಹಾದಿ. ಮಳೆನೀರು ಒಳಹೋಗದಿರಲಿ ಎಂಬ ಒಳ್ಳೆಯ ಉದ್ದೇಶದಿಂದ ಯಾರೋ ಸಂದಿಗೆ ಗಟ್ಟಿಯಾಗುವ ಸಿಲಿಕೋನ್ ತುಂಬುತ್ತಾರೆ. ಕೇಬಲ್ ಎಳೆಯಲು ಇನ್ನೊಂದು ತೂತು ಬೇಕಾದಾಗ ಡ್ರಿಲ್ ಬರುತ್ತದೆ. ಬಳಸದ ತೂತಿಗೆ ಸಾಗಣೆಗೆಂದು ಹಾಕಿದ್ದ ಪ್ಲಾಸ್ಟಿಕ್ ಬಿರಡೆ ಹಾಗೆಯೇ ಉಳಿಯುತ್ತದೆ. ಕೇಬಲ್ ಒಳಹೋಗುವ ತೂತಿನಲ್ಲಿ ಅದನ್ನು ಬಿಗಿಹಿಡಿಯುವ ಗ್ಲ್ಯಾಂಡ್ ಕೇಬಲಿನ ದಪ್ಪಕ್ಕೆ ಹೊಂದುವುದಿಲ್ಲ. ಇಷ್ಟೆಲ್ಲ ಆದಮೇಲೂ ಫಲಕ ಮಾತ್ರ ಹೊಸದರಂತೆ ಹೊಳೆಯುತ್ತಿರುತ್ತದೆ, ಪ್ರಮಾಣಪತ್ರವೂ ಊರ್ಜಿತವಾಗಿಯೇ ಇರುತ್ತದೆ. ಪೆಟ್ಟಿಗೆಯನ್ನು ಮುಟ್ಟದೆಯೂ ಅದನ್ನು ಕೆಡಿಸಬಹುದು: ಐಐಸಿ ಅನಿಲವಿರುವಲ್ಲಿ ಸಂದಿಯ ಎದುರು 40 ಮಿಲಿಮೀಟರಿನೊಳಗೆ ಗೋಡೆ, ಕಂಬ, ಪೈಪು ಇರಬಾರದು. ಇದ್ದರೆ ಹೊರಬಂದ ಬಿಸಿ ಅನಿಲ ಚದುರಿ ತಣಿಯಲು ಎಡೆಯಿರುವುದಿಲ್ಲ. ಆರು ತಿಂಗಳ ನಂತರ ಪಕ್ಕದಲ್ಲಿ ಪೈಪು ಎಳೆಯುವ ಗುತ್ತಿಗೆದಾರನಿಗೆ ಇದನ್ನು ಯಾರು ಹೇಳುತ್ತಾರೆ?

ಇನ್ನೊಂದು ವಿಧಾನ ಸಂಪೂರ್ಣ ಬೇರೆ ದಿಕ್ಕಿನಿಂದ ಬಂದದ್ದು. ವೇಲ್ಸ್‌ನ ಸೆಂಗೆನಿತ್ ಗಣಿಯಲ್ಲಿ 1913ರ ಅಕ್ಟೋಬರ್ 14ರಂದು ನಡೆದ ಸ್ಫೋಟದಲ್ಲಿ 439 ಗಣಿಕಾರ್ಮಿಕರೂ ಒಬ್ಬ ರಕ್ಷಣಾ ಸಿಬ್ಬಂದಿಯೂ ಸತ್ತರು. ಸಂಕೇತ ಕೊಡುವ ವಿದ್ಯುತ್ ಗಂಟೆಯ ಸಲಕರಣೆಯಿಂದ ಹಾರಿದ ಕಿಡಿಯೇ ಕಾರಣವಿರಬಹುದೆಂಬ ಅನುಮಾನ ಬಲವಾಗಿತ್ತು. ಕಡಿಮೆ ವೋಲ್ಟೇಜಿನ ಬ್ಯಾಟರಿಯಿಂದ ಅಪಾಯವಿಲ್ಲ ಎಂದು ಅದುವರೆಗೆ ನಂಬಿದ್ದರು. ಆ ಗಂಟೆಗಳ ಕಿಡಿಯ ಮೇಲೆ ನಡೆದ ಸಂಶೋಧನೆಯಿಂದ ಇಂಟ್ರಿನ್ಸಿಕ್ ಸೇಫ್ಟಿ ಎಂಬ ತತ್ತ್ವ ಮೂಡಿತು: ಕಿಡಿಯನ್ನು ಪೆಟ್ಟಿಗೆಯಲ್ಲಿ ಕೂಡಿಹಾಕುವ ಗೋಜೇ ಬೇಡ, ವಿದ್ಯುತ್ ಮಂಡಲದಲ್ಲಿ ಹರಿಯುವ ಶಕ್ತಿಯನ್ನೇ ಅನಿಲ ಹೊತ್ತಿಕೊಳ್ಳದಷ್ಟು ಕಡಿಮೆ ಇಡಬೇಕು.

ಇದನ್ನು ಪರೀಕ್ಷಿಸುವ ಯಂತ್ರ ನೋಡಲು ಆಟಿಕೆಯಂತಿದೆ. ಅನಿಲ ತುಂಬಿದ ಚಿಕ್ಕ ಕೋಣೆಯೊಳಗೆ ತೋಡು ಕೊರೆದ ಕ್ಯಾಡ್ಮಿಯಂ ತಟ್ಟೆಯೊಂದು ತಿರುಗುತ್ತದೆ, ಕೂದಲೆಳೆಯಂಥ ಟಂಗ್‌ಸ್ಟನ್ ತಂತಿಗಳು ಅದರ ಮೇಲೆ ಉಜ್ಜುತ್ತ ಸಾವಿರಾರು ಸಲ ಸಂಪರ್ಕ ಮಾಡಿ ಮುರಿಯುತ್ತವೆ. ಪರೀಕ್ಷೆಗೆ ಮುನ್ನ ಯಂತ್ರವೇ ಸೂಕ್ಷ್ಮವಾಗಿದೆಯೇ ಎಂದು ನೋಡಬೇಕು: 24 ವೋಲ್ಟಿನ ಒಂದು ನಿಗದಿತ ಸುರುಳಿ ಮಂಡಲದಲ್ಲಿ ಮೀಥೇನ್ 110 ಮಿಲಿಆಂಪಿಯರಿಗೆ ಹೊತ್ತಿಕೊಳ್ಳಬೇಕು, ಹೈಡ್ರೋಜನ್ 30 ಮಿಲಿಆಂಪಿಯರಿಗೇ ಹೊತ್ತಿಕೊಳ್ಳಬೇಕು. ಹಾಗೆ ಹೊತ್ತಿಕೊಂಡ ಮೇಲೆ ಪರೀಕ್ಷಿಸಬೇಕಾದ ಮಂಡಲವನ್ನು ಜೋಡಿಸಿ, ಸುರಕ್ಷತೆಗೆಂದು ಒಂದೂವರೆ ಪಟ್ಟು ಹೆಚ್ಚು ಕಠಿಣವಾಗಿ ಓಡಿಸುತ್ತಾರೆ. ಈ ವಿಧಾನದ ಅತಿ ಕಠಿಣವಾದ ‘ಐಎ’ ದರ್ಜೆಗಾದರೆ ಮಂಡಲದಲ್ಲಿ ಒಟ್ಟಿಗೇ ಎರಡು ದೋಷಗಳು ಕಾಣಿಸಿಕೊಂಡರೂ ಹೊತ್ತಿಸಬಾರದು. ಉರಿಯುವ ಅನಿಲ ಎಷ್ಟು ಹೊತ್ತು ಇರುತ್ತದೆ ಎಂಬುದರ ಮೇಲೆ ಸ್ಥಾವರವನ್ನು ವಲಯಗಳಾಗಿ ವಿಂಗಡಿಸುತ್ತಾರೆ, ಸದಾ ಅನಿಲ ತುಂಬಿರುವ ಶೂನ್ಯ ವಲಯದೊಳಗೂ ಈ ದರ್ಜೆಗೆ ಪ್ರವೇಶವಿದೆ.

ವೈಯಕ್ತಿಕವಾಗಿ ನನಗೆ ಅತ್ಯಂತ ಸೊಗಸೆನಿಸುವ ವಿಧಾನ ಇದು. ಕ್ಷೇತ್ರದಲ್ಲಿ ಅತಿ ಸುಲಭವಾಗಿ ಕೆಡುವುದೂ ಇದೇ. ಕಾರಣ, ಇಲ್ಲಿ ಸುರಕ್ಷತೆ ಇರುವುದು ಒಂದು ಉಪಕರಣದಲ್ಲಲ್ಲ, ಇಡೀ ಸರಪಳಿಯಲ್ಲಿ. ನಿಯಂತ್ರಣ ಕೊಠಡಿಯಲ್ಲಿದ್ದು ಹೊರಹೋಗುವ ಶಕ್ತಿಯನ್ನು ಮಿತಿಯೊಳಗಿಡುವ ಬ್ಯಾರಿಯರ್, ಕ್ಷೇತ್ರದಲ್ಲಿರುವ ಸಂವೇದಕ, ಇವೆರಡರ ನಡುವಿನ ಕೇಬಲ್ ಮೂರನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಬ್ಯಾರಿಯರ್ ಹೊರಬಿಡಬಹುದಾದ ವೋಲ್ಟೇಜು ಸಂವೇದಕ ತಾಳುವ ವೋಲ್ಟೇಜಿಗಿಂತ ಹೆಚ್ಚಿರಬಾರದು. ಕೇಬಲ್ ಉದ್ದವಾದಷ್ಟೂ ಅದರಲ್ಲಿ ಶೇಖರವಾಗುವ ವಿದ್ಯುದಾವೇಶ ಹೆಚ್ಚು, ಅದೂ ಮಿತಿಯೊಳಗೆ ಬರಬೇಕು. ಬ್ಯಾರಿಯರಿಗೆ ಪ್ರಮಾಣಪತ್ರ ಇದೆ, ಸಂವೇದಕಕ್ಕೂ ಇದೆ, ಎರಡೂ ಅಪ್ಪಟ. ಎರಡನ್ನೂ ಜೋಡಿಸಬಹುದೇ ಎಂದು ಲೆಕ್ಕ ಹಾಕಿದ ಕಾಗದ ಎಲ್ಲಿದೆ ಎಂದು ಕೇಳಿದರೆ ಬಹಳ ಕಡೆ ಮೌನವೇ ಉತ್ತರ. ಹಳೆಯ ಬ್ಯಾರಿಯರ್ ಕೆಟ್ಟು ‘ಅದೇ ತರಹದ್ದು’ ಬೇರೆ ಕಂಪನಿಯಿಂದ ಬಂದ ದಿನ ಆ ಲೆಕ್ಕ ಸದ್ದಿಲ್ಲದೆ ಸುಳ್ಳಾಗುತ್ತದೆ.

‘ಎಕ್ಸ್’ ಷರತ್ತುಗಳೂ ಇದೇ ಜಾತಿಯವು. ಪ್ಲಾಸ್ಟಿಕ್ ಮೇಲ್ಮೈ ದೊಡ್ಡದಾಗಿದ್ದರೆ ಅದರಲ್ಲಿ ಸ್ಥಿರವಿದ್ಯುತ್ತು ಶೇಖರವಾಗುತ್ತದೆ, ಆದ್ದರಿಂದ ಒದ್ದೆ ಬಟ್ಟೆಯಿಂದಲೇ ಒರೆಸಬೇಕು ಎಂಬ ಷರತ್ತು ಇರುತ್ತದೆ. ಗಾಜು ಹೆಚ್ಚು ಹೊಡೆತ ತಾಳದಿದ್ದರೆ ಏಟು ಬೀಳದ ಕಡೆ ಅಳವಡಿಸಬೇಕು ಎಂದಿರುತ್ತದೆ. ಅಲ್ಯೂಮಿನಿಯಂ ಕವಚಕ್ಕೆ ತುಕ್ಕು ಹಿಡಿದ ಉಕ್ಕು ತಗುಲಿ ಬಿಸಿ ಕಿಡಿ ಏಳಬಹುದಾದ್ದರಿಂದ ಘರ್ಷಣೆ ತಪ್ಪಿಸಬೇಕು ಎಂದಿರುತ್ತದೆ. ಕೊನೆಗೆ ಒದ್ದೆ ಬಟ್ಟೆ ಹಿಡಿಯಬೇಕಾದವನು ರಾತ್ರಿ ಪಾಳಿಯ ಸ್ವಚ್ಛತಾ ಸಿಬ್ಬಂದಿ. ಪ್ರಮಾಣಪತ್ರದ ಪಿಡಿಎಫ್ ಇರುವುದು ಮುಖ್ಯ ಕಚೇರಿಯ ಕಂಪ್ಯೂಟರಿನಲ್ಲಿ.

ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಇಂಧನ ದಾಸ್ತಾನು ಕೇಂದ್ರದಲ್ಲಿ 2005ರ ಡಿಸೆಂಬರ್ 11ರಂದು ಪೆಟ್ರೋಲ್ ಟ್ಯಾಂಕ್ ತುಂಬಿ ಚೆಲ್ಲಿತು. ಮಟ್ಟ ತೋರಿಸುವ ಮಾಪಕ ಒಂದೇ ಕಡೆ ನಿಂತುಬಿಟ್ಟಿತ್ತು. ಕೊನೆಯ ಆಸರೆಯಾಗಿ ಇದ್ದ ಸ್ವತಂತ್ರ ಸ್ವಿಚ್ಚೂ ಕೆಲಸ ಮಾಡಲಿಲ್ಲ, ಏಕೆಂದರೆ ಅದರ ಪರೀಕ್ಷಾ ಹಿಡಿಯನ್ನು ಸರಿಯಾದ ಸ್ಥಾನದಲ್ಲಿ ನಿಲ್ಲಿಸಲು ಒಂದು ಬೀಗ ಹಾಕಬೇಕಿತ್ತು, ಹಾಕಿರಲಿಲ್ಲ. ಆ ಬೀಗ ಇಲ್ಲದಿದ್ದರೆ ಸ್ವಿಚ್ಚೇ ನಿಷ್ಕ್ರಿಯವಾಗುತ್ತದೆ ಎಂಬ ಸಂಗತಿ ಅಳವಡಿಸಿದವರಿಗೂ ಬಳಸಿದವರಿಗೂ ತಿಳಿದಿರಲಿಲ್ಲ. ಇದು ಕಿಡಿ ತಡೆಯುವ ಉಪಕರಣದ ಕತೆಯಲ್ಲ, ನಿಜ. ಆದರೆ ತಯಾರಕನ ತಲೆಯಲ್ಲಿದ್ದ ಷರತ್ತು ಟ್ಯಾಂಕಿನ ತುದಿಯವರೆಗೆ ತಲುಪದೆ ದಾರಿಯಲ್ಲಿ ಎಲ್ಲೋ ಕಳಚಿಹೋದ ರೀತಿ ಮಾತ್ರ ಅದೇ.

ಅಷ್ಟಾದರೂ ಜಗತ್ತಿನ ಕಾನೂನುಗಳೆಲ್ಲ ಹೆಚ್ಚು ಒತ್ತು ಕೊಟ್ಟಿರುವುದು ಉಪಕರಣದ ಪರೀಕ್ಷೆಗೇ. ಯುರೋಪಿನಲ್ಲಿ 2014/34/ಇಯು ಎಂಬ ಅಟೆಕ್ಸ್ ನಿರ್ದೇಶನ 2016ರ ಏಪ್ರಿಲ್ 20ರಿಂದ ಜಾರಿಯಲ್ಲಿದೆ. ಅಮೆರಿಕದಲ್ಲಿ ವಲಯಗಳ ಜೊತೆಗೇ ‘ಕ್ಲಾಸ್’, ‘ಡಿವಿಷನ್’ ಎಂಬ ಹಳೆಯ ವಿಂಗಡಣೆಯೂ ನಡೆಯುತ್ತಿದೆ. ಭಾರತದಲ್ಲಿ ಪೆಟ್ರೋಲಿಯಂ ಸ್ಥಾವರಗಳಿಗೆ ನಾಗಪುರದ ಪೆಸೋ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತಾ ಸಂಸ್ಥೆ), ಗಣಿಗಳಿಗೆ ಧನಬಾದಿನ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಒಪ್ಪಿಗೆ ಕೊಡಬೇಕು. ಇವೆಲ್ಲಕ್ಕೂ ಸಾಮಾನ್ಯ ತಳಹದಿಯಾಗಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ (ಐಇಸಿ) 60079 ಮಾನದಂಡಗಳ ಸರಣಿಯೂ ಅದರ ಮೇಲೆ ನಿಂತ ಐಇಸಿಇಎಕ್ಸ್ ಎಂಬ ಅಂತರರಾಷ್ಟ್ರೀಯ ಪ್ರಮಾಣೀಕರಣ ಪದ್ಧತಿಯೂ ಇವೆ. ಐಇಸಿಇಎಕ್ಸ್‌ನ ಒಂದು ಗುಣ ಮೆಚ್ಚಬೇಕಾದದ್ದು: ಅದರ ಪ್ರಮಾಣಪತ್ರಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ, ರದ್ದಾಗಿದ್ದರೂ ಅಮಾನತಿನಲ್ಲಿದ್ದರೂ ಅಲ್ಲೇ ಗೊತ್ತಾಗುತ್ತದೆ. ಮಾರಾಟಗಾರ ಕಳಿಸಿದ ಪ್ರತಿಯನ್ನು ನಂಬುವ ಬದಲು ಎರಡು ನಿಮಿಷ ಖರ್ಚು ಮಾಡಿ ಮೂಲವನ್ನು ತೆರೆದರೆ ನಕಲಿ ಪತ್ರಗಳ ಬಹುಪಾಲು ಅಲ್ಲೇ ಸಿಕ್ಕಿಬೀಳುತ್ತವೆ.

ಯುರೋಪಿನ ಪದ್ಧತಿಯಲ್ಲಿ ಜನ ಗಮನಿಸದ ಒಂದು ಅಂಶವಿದೆ. ಅಪಾಯ ಕಡಿಮೆಯಿರುವ 2ನೇ ವಲಯಕ್ಕೆ ಮೀಸಲಾದ ಮೂರನೇ ವರ್ಗದ ಉಪಕರಣಕ್ಕೆ ತಯಾರಕನ ಸ್ವಯಂಘೋಷಣೆಯೇ ಸಾಕು. ವಿದ್ಯುತ್ ಬಳಸದ, ಎರಡನೇ ವರ್ಗದ ಗೇರ್‌ಬಾಕ್ಸು ಪಂಪುಗಳಿಗಾದರೆ ತಾಂತ್ರಿಕ ಕಡತವನ್ನು ಅಧಿಸೂಚಿತ ಸಂಸ್ಥೆಯ, ಅಂದರೆ ಸರ್ಕಾರ ಮಾನ್ಯ ಮಾಡಿದ ಪ್ರಮಾಣೀಕರಣ ಸಂಸ್ಥೆಯ ಬಳಿ ಇರಿಸಬೇಕು. ಇರಿಸಿದರೆ ಸಾಕು, ಅದನ್ನು ಬಿಚ್ಚಿ ಓದುವ ಹೊಣೆ ಆ ಸಂಸ್ಥೆಗಿಲ್ಲ. ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲದರ ಮೇಲೂ ಅದೇ ಷಟ್ಕೋನದ ಮುದ್ರೆ.

ವಿದ್ಯುತ್ತಿಲ್ಲದ ಯಂತ್ರಗಳ ಬಗೆಗಿನ ಈ ಉದಾಸೀನಕ್ಕೆ ಬೆಲೆ ತೆತ್ತದ್ದೂ ಇದೆ. ಅಮೆರಿಕದ ಜಾರ್ಜಿಯಾದ ಇಂಪೀರಿಯಲ್ ಶುಗರ್ ಕಾರ್ಖಾನೆಯಲ್ಲಿ 2008ರ ಫೆಬ್ರವರಿ 7ರಂದು ಸಕ್ಕರೆಯ ದೂಳು ಸ್ಫೋಟಿಸಿ 14 ಮಂದಿ ಸತ್ತರು. ಕನ್ವೇಯರಿಗೆ ಹಿಂದಿನ ವರ್ಷವಷ್ಟೇ ಉಕ್ಕಿನ ಕವಚ ಹೊದಿಸಿದ್ದರು. ಸಕ್ಕರೆಗೆ ಕಸ ಬೀಳದಿರಲಿ ಎಂದು ಹಾಕಿದ ಆ ಕವಚದೊಳಗೆ ದೂಳು ದಟ್ಟವಾಗಿ ತುಂಬಿಕೊಂಡಿತು. ಹೊತ್ತಿಸಿದ್ದು ಬಹುಶಃ ಅತಿಯಾಗಿ ಕಾದ ಒಂದು ಬೇರಿಂಗ್. ಮೊದಲ ಸ್ಫೋಟ ಮಾಡು ತೊಲೆಗಳ ಮೇಲೆ ಕೂತಿದ್ದ ದೂಳನ್ನೆಲ್ಲ ಎಬ್ಬಿಸಿತು, ಮುಂದಿನವು ಅದರಿಂದ ಆದವು. ಚೀನಾದ ಕುನ್‌ಶಾನ್‌ನಲ್ಲಿ 2014ರ ಆಗಸ್ಟ್ 2ರಂದು ಅಲ್ಯೂಮಿನಿಯಂ ದೂಳು ಸ್ಫೋಟಿಸಿದಾಗ ಸತ್ತವರ ಸಂಖ್ಯೆ ಕೊನೆಗೆ 146 ತಲುಪಿತು. ಅನಿಲಕ್ಕೆ ಹೆದರುವಂತೆ ದೂಳಿಗೆ ಜನ ಹೆದರುವುದಿಲ್ಲ. ಯಂತ್ರಭಾಗಗಳ ಘರ್ಷಣೆಯನ್ನೂ ಬಿಸಿಯನ್ನೂ ಒಳಗೊಳ್ಳುವ ಐಎಸ್‌ಒ 80079-36 ಮಾನದಂಡ ಬಂದದ್ದು 2016ರಲ್ಲಿ, ಅಂದರೆ ಇತ್ತೀಚೆಗೆ.

ಪ್ರಮಾಣೀಕರಿಸಿದ ಉಪಕರಣಗಳೆಲ್ಲ ಸರಿಯಾಗಿದ್ದರೂ ಪ್ರಮಾಣಪತ್ರದ ಪ್ರಶ್ನೆಯೇ ಏಳದ ವಸ್ತುವೊಂದು ಬಂದು ನಿಲ್ಲಬಹುದು. ಟೆಕ್ಸಾಸ್ ಸಿಟಿಯ ತೈಲ ಸಂಸ್ಕರಣಾಗಾರದಲ್ಲಿ 2005ರ ಮಾರ್ಚ್ 23ರಂದು 15 ಮಂದಿಯನ್ನು ಬಲಿತೆಗೆದುಕೊಂಡ ಆವಿಯ ಮೋಡವನ್ನು ಹೊತ್ತಿಸಿದ್ದು, ತನಿಖೆಯ ಪ್ರಕಾರ, ಹತ್ತಿರದಲ್ಲಿ ಎಂಜಿನ್ ಆರಿಸದೆ ನಿಲ್ಲಿಸಿದ್ದ ಡೀಸೆಲ್ ಪಿಕಪ್ ವಾಹನವಿರಬೇಕು. ಬನ್ಸ್‌ಫೀಲ್ಡ್‌ನಲ್ಲೂ ಮೋಡ ಕೇಂದ್ರದ ಆವರಣ ದಾಟಿ ಹರಡಿತ್ತು. ವಲಯಗಳ ನಕ್ಷೆ ಬರೆಯುವಾಗ ಸಣ್ಣ ಸೋರಿಕೆಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಟ್ಯಾಂಕ್ ತುಂಬಿ ಹರಿಯುವಂಥ ದುರಂತವನ್ನಲ್ಲ. ಅದು ನಿಯಮದಲ್ಲೇ ಇರುವ ಮಿತಿ. ಡೇವಿಯ ದೀಪ ಬಂದಮೇಲೆ ಗಣಿಯ ಸಾವುಗಳು ನಿರೀಕ್ಷಿಸಿದಷ್ಟು ಇಳಿಯಲಿಲ್ಲ ಎಂಬುದನ್ನು ಇಲ್ಲಿ ನೆನೆಯಬಹುದು: ದೀಪ ಕೈಯಲ್ಲಿದೆ ಎಂಬ ಧೈರ್ಯದಿಂದ ಅದುವರೆಗೆ ಕೈಬಿಟ್ಟಿದ್ದ ಅಪಾಯದ ಪದರಗಳಿಗೆ ಮಾಲೀಕರು ಜನರನ್ನು ಇಳಿಸಿದರು.

ಈಗ ಹೈಡ್ರೋಜನ್ ಕಡೆಗೆ. ಇದುವರೆಗೆ ಐಐಸಿ ಅನಿಲ ದೊಡ್ಡ ಪ್ರಮಾಣದಲ್ಲಿ ಇದ್ದದ್ದು ರಸಗೊಬ್ಬರ, ತೈಲ ಸಂಸ್ಕರಣೆಯಂಥ ದೊಡ್ಡ ಸ್ಥಾವರಗಳಲ್ಲಿ, ತಲೆಮಾರುಗಳಿಂದ ಅದನ್ನೇ ಮಾಡಿ ಪಳಗಿದವರ ಕೈಯಲ್ಲಿ. ಈಗ ಅದು ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆಯುವ, ಸಾಗಣೆ ಕಂಟೇನರಿನ ಗಾತ್ರದ ಎಲೆಕ್ಟ್ರೊಲೈಸರುಗಳಿಗೆ, ವಾಹನಗಳಿಗೆ ಅನಿಲ ತುಂಬುವ ಬಂಕುಗಳಿಗೆ ಬರುತ್ತಿದೆ. ಗಾಳಿಯಲ್ಲಿ ಶೇಕಡ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿ ಬೆರೆತರೂ ಅದು ಉರಿಯುತ್ತದೆ, ಮೀಥೇನಿನ ವ್ಯಾಪ್ತಿ ಸುಮಾರು 5ರಿಂದ 15 ಮಾತ್ರ. ನೈಸರ್ಗಿಕ ಅನಿಲಕ್ಕೆಂದು ಐಐಎ ದರ್ಜೆಯಲ್ಲಿ ಕೊಂಡ ಉಪಕರಣಗಳಿರುವ ಕೊಳವೆ ಜಾಲಕ್ಕೆ ಹೈಡ್ರೋಜನ್ ಬೆರೆಸುವ ಯೋಜನೆಗಳು ಹಲವು ದೇಶಗಳಲ್ಲಿವೆ. ಬೆರಕೆಯ ಪ್ರಮಾಣ ಏರುತ್ತ ಹೋದಂತೆ ಯಾವ ಹಂತದಲ್ಲಿ ಹಳೆಯ ದರ್ಜೆ ಸಾಲದಾಗುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು, ಫಲಕ ನೋಡಿ ಹೇಳಲಾಗದು.

ಎಲೆಕ್ಟ್ರೊಲೈಸರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ತೊಡಕಿದೆ, ಅದರ ಬಗ್ಗೆ ಚರ್ಚೆ ಸಾಲದು ಎಂದೇ ನನಗನಿಸುತ್ತದೆ. ಐಇಸಿ 60079ರ ಪ್ರಮಾಣೀಕರಣಗಳೆಲ್ಲ ಸಾಮಾನ್ಯ ವಾತಾವರಣವನ್ನು ಊಹಿಸಿಕೊಂಡಿವೆ: ಒತ್ತಡ 80ರಿಂದ 110 ಕಿಲೋಪಾಸ್ಕಲ್, ಆಮ್ಲಜನಕ ಶೇಕಡ 21ರ ಆಸುಪಾಸು. ನೀರನ್ನು ಒಡೆಯುವ ಯಂತ್ರ ಹೈಡ್ರೋಜನ್ನಿನ ಜೊತೆಗೇ ಆಮ್ಲಜನಕವನ್ನೂ ಉಗುಳುತ್ತದೆ. ಆಮ್ಲಜನಕ ಹೆಚ್ಚಿದ ಕಡೆ ಹೊತ್ತಿಸಲು ಬೇಕಾದ ಶಕ್ತಿ ಇಳಿಯುತ್ತದೆ, ಸ್ಫೋಟದ ಒತ್ತಡ ಏರುತ್ತದೆ, 0.29 ಮಿಲಿಮೀಟರಿನ ಲೆಕ್ಕವೂ ನಿಲ್ಲುವುದಿಲ್ಲ. ಒತ್ತಡದಲ್ಲಿರುವ ಕೊಳವೆಯ ಒಳಗೆ, ಇಲ್ಲವೇ ಆಮ್ಲಜನಕದ ಹೊರಬಾಯಿಯ ಹತ್ತಿರ ಇಟ್ಟ ಸಂವೇದಕದ ಮೇಲೆ ಐಐಸಿ ಎಂದು ಬರೆದಿದ್ದರೆ ಆ ಬರಹ ಬೇರೆಯದೇ ಗಾಳಿಗೆ ಸಂಬಂಧಿಸಿದ್ದು. ಇಂಥ ಕಡೆ ಆ ಮಿಶ್ರಣಕ್ಕೇ, ಆ ಒತ್ತಡದಲ್ಲೇ ಮಾಡಿದ ಪ್ರತ್ಯೇಕ ಪರೀಕ್ಷೆಯ ವರದಿಯನ್ನು ತಯಾರಕನಿಂದ ಕೇಳಬೇಕಾಗುತ್ತದೆ.

ಹಾಗಾದರೆ ಒತ್ತು ಎಲ್ಲಿಗೆ ಸರಿಯಬೇಕು? ಮಾನದಂಡಗಳಲ್ಲಿ ಉತ್ತರ ಆಗಲೇ ಇದೆ, ಅದಕ್ಕೆ ಹಣವೂ ಗಮನವೂ ಸಿಕ್ಕಿಲ್ಲ ಅಷ್ಟೆ. ಅಳವಡಿಕೆಗೆ 60079-14, ತಪಾಸಣೆಗೆ 60079-17, ದುರಸ್ತಿಗೆ 60079-19 ಇವೆ. ಅಳವಡಿಸಿದ ಕೂಡಲೇ ಪೆಟ್ಟಿಗೆ ಬಿಚ್ಚಿ ವಿವರವಾದ ತಪಾಸಣೆ ಆಗಬೇಕು, ಬಳಿಕ ಎರಡು ತಪಾಸಣೆಗಳ ನಡುವೆ ತಜ್ಞರ ಅಭಿಪ್ರಾಯವಿಲ್ಲದೆ ಮೂರು ವರ್ಷ ಮೀರಬಾರದು, ಕೈಯಲ್ಲಿ ಹಿಡಿದು ಓಡಾಡುವ ಉಪಕರಣವನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಹತ್ತಿರದಿಂದ ನೋಡಬೇಕು. ಐಇಸಿಇಎಕ್ಸ್ ಈಗ ದುರಸ್ತಿ ಕಾರ್ಯಾಗಾರಗಳಿಗೂ, ಈ ಕೆಲಸ ಮಾಡುವ ವ್ಯಕ್ತಿಗಳ ಸಾಮರ್ಥ್ಯಕ್ಕೂ ಪ್ರತ್ಯೇಕ ಪ್ರಮಾಣಪತ್ರ ಕೊಡುತ್ತದೆ. ಆದರೆ ಬಹುತೇಕ ಟೆಂಡರುಗಳಲ್ಲಿ ಕೇಳುವುದು ಮೋಟರಿನ ಪ್ರಮಾಣಪತ್ರವನ್ನು. ಅದನ್ನು ರಿವೈಂಡ್ ಮಾಡಿದವರ ಪ್ರಮಾಣಪತ್ರವನ್ನು ಕೇಳುವ ಕಲಮು ಅಪರೂಪ. ಟೆಂಡರಿನ ಕರಡು ಬರೆಯುವ ಮೇಜಿನ ಮೇಲೆ ಆ ಒಂದು ಕಲಮನ್ನೂ, ಜೊತೆಗೆ ‘ಎಕ್ಸ್’ ಷರತ್ತುಗಳ ಪಟ್ಟಿಯನ್ನು ಸ್ಥಳೀಯ ಭಾಷೆಯಲ್ಲಿ ಉಪಕರಣದ ಪಕ್ಕದಲ್ಲೇ ತೂಗುಹಾಕಬೇಕೆಂಬ ಇನ್ನೊಂದನ್ನೂ ಸೇರಿಸಲು ಹೊಸ ಕಾನೂನು ಬೇಕಿಲ್ಲ.